ಉಳ್ಳಾಗಡ್ಡಿ ಸರ್ ಆರಿಸಿದ ಹುಡುಗರು

ಈ ಊರಿನಲ್ಲಿ ಯಾವುದೇ ವಾದ ಒಂದು ಚಹಾಕ್ಕಿಂತ ಉದ್ದ ಬೆಳೆದರೆ, ಚಹಾ ಆದ ಮೇಲೆ ಮಗ್ಗಲು ಬದಲಾಗುತ್ತದೆ. ಅಲ್ಲಿಯವರೆಗೆ ಹೌದು ಎಂದವರು ಅಲ್ಲ ಎನ್ನಬೇಕು, ಅಲ್ಲ ಎಂದವರು ಹೌದು ಎನ್ನಬೇಕು. ಕೋರ್ಟಿನಲ್ಲಿ ವಕೀಲರು ಎದ್ದು ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುತ್ತಿದ್ದ ಹೆಂಗಸು ಚಹಾ ಕುಡಿದು ಬಾಯಿ ಒರೆಸಿಕೊಂಡು, "ಇಷ್ಟು ಚೊಲೋ ಕಾಯಿಗೆ ಇಷ್ಟ ಕಡಿಮಿ ರೇಟು ಹೇಳಾಕ ನಿನಗ ನಾಚಿಕಿ ಬರಂಗಿಲ್ಲೇನವಾ?" ಎಂದು ಮಾರುವವಳನ್ನು ಗದರಿಸುತ್ತಾಳೆ. ಮಾರುವವಳು "ಹುಳ ಅದಾವ್ರಿ ಅಕ್ಕಾರ, ನೋಡ್ರಿಲ್ಲೆ" ಎಂದು ತನ್ನ ಕಾಯನ್ನೇ ಸೀಳಿ ತೋರಿಸುತ್ತಾಳೆ. ಗಂಡ ಹೆಂಡತಿ ಜಗಳವಾಡುವ ಮನೆಯಿಂದ ಸ್ಟೋವ್ ಹಚ್ಚಿದ ಸದ್ದು ಬಂದರೆ ಪಕ್ಕದ ಮನೆಯವರು ನಿಟ್ಟುಸಿರು ಬಿಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ.

ನಾನು ಹೊರಗಿನವನು. ಇಲ್ಲಿಯ ದಿನಪತ್ರಿಕೆಯ ಕೆಲಸಕ್ಕೆ ಬಂದು ಇಲ್ಲೇ ಉಳಿದವನು. ಬಂದ ಹೊಸದರಲ್ಲಿ ಬಾಡಿಗೆಯ ಮಾತು ನಡೆದಾಗ, ಚಹಾ ಆದ ಮೇಲೆ ಮನೆಯ ಮಾಲೀಕರು ಬಾಡಿಗೆ ಇಳಿಸಲೇಬೇಕೆಂದು ಹಟ ಹಿಡಿದರು. ಏರಿಸಿ ಎಂದು ವಾದಿಸಬೇಕಾದ ನಾನು ಸಂತೋಷದಿಂದ ತಲೆಯಾಡಿಸಿಬಿಟ್ಟೆ. ಆ ಓಣಿಯಲ್ಲಿ ಬಹಳ ಕಾಲ ನನ್ನನ್ನು ಸಂಸ್ಕಾರ ಇಲ್ಲದವನು ಎಂದರು. ಈಗ ಪರವಾಗಿಲ್ಲ. ಊರಿನಲ್ಲಿ ನನಗೆ ಅಣ್ಣತಮ್ಮಂದಿರಾಗಲಿ ಬೀಗರಾಗಲಿ ಇಲ್ಲದ ಕಾರಣ ದೊಡ್ಡ ವಾದಗಳಲ್ಲಿ ಸೀಟಿ ನನ್ನ ಕೈಗೆ ಕೊಡುತ್ತಾರೆ. ಚಹಾದ ಹೊತ್ತಿಗೆ ಸೀಟಿ ಊದುವುದು, ಯಾರಾದರೂ ಬೇಕೆಂದೇ ಮೆತ್ತಗೆ ವಾದಿಸಿದರೆ ಎಚ್ಚರಿಸುವುದು ನನ್ನ ಕೆಲಸ. ಹಾಗೆ ಮೆತ್ತಗೆ ವಾದಿಸುವುದಕ್ಕೆ ಇಲ್ಲಿ ಸಡಿಲ ಒದೆ ಎನ್ನುತ್ತಾರೆ. ಕಳ್ಳತನಕ್ಕಿಂತ ಅದು ಒಂದು ಮೆಟ್ಟಿಲು ಮಾತ್ರ ಮೇಲು.

ಈಗ ಹೇಳುವ ವಾದ ಕಾಲೇಜಿನ ಫುಟ್‌ಬಾಲ್ ತಂಡದ ಹಳೆಯ ಕೋಚ್ ಬಸವಂತ ಉಳ್ಳಾಗಡ್ಡಿಯವರದು. ಹದಿನಾಲ್ಕು ವರ್ಷ ಅವರು ತಂಡ ಕಟ್ಟಿದರು. ವಿಶ್ವವಿದ್ಯಾಲಯದ ಕಪ್ಪು ನಾಲ್ಕು ಸಲ ಊರಿಗೆ ಬಂದಿದ್ದು ಆ ಅವಧಿಯಲ್ಲೇ; ಅದಕ್ಕೆ ಹಿಂದೆಯೂ ಇಲ್ಲ, ಆಮೇಲೂ ಇಲ್ಲ. ಐದು ವರ್ಷದ ಹಿಂದೆ ಅರವತ್ತು ತುಂಬಿದಾಗ ಕಾಲೇಜು ಹಾರ ಹಾಕಿ ಮನೆಗೆ ಕಳಿಸಿತು. ಈಗಿನ ಕೋಚ್ ಪಟ್ಟಣದ ಹುಡುಗ, ಕಲಿಸುವುದರಲ್ಲಿ ಗಟ್ಟಿಗ, ಆದರೆ ಹಳ್ಳಿ ಹಳ್ಳಿ ತಿರುಗಿ ಆಟಗಾರರನ್ನು ಹುಡುಕುವ ಕೆಲಸ ತನ್ನಿಂದಾಗದು ಎಂದುಬಿಟ್ಟ. ಆ ಒಂದು ಕೆಲಸಕ್ಕೆ ಉಳ್ಳಾಗಡ್ಡಿ ಸರ್ ಅವರನ್ನು ಮತ್ತೆ ಕರೆಯಬಹುದು, ತಂಡದ ಅಭಿಮಾನಿಗಳು ಒಪ್ಪಿದರೆ, ಎಂದರು ಪ್ರಿನ್ಸಿಪಾಲರು.

ಅಭಿಮಾನಿಗಳನ್ನು ಕೇಳಲೇಬೇಕು. ಹಳ್ಳಿಯಿಂದ ಬಂದ ಆಟಗಾರರು ಇಲ್ಲಿ ಹಾಸ್ಟೆಲಿನಲ್ಲಿ ಮಲಗುತ್ತಾರೆ, ಅಭಿಮಾನಿಗಳ ಮನೆಗಳಲ್ಲಿ ಉಣ್ಣುತ್ತಾರೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೀಗಾಗಿ ಊರಿನ ಅರ್ಧ ಜನರಿಗೆ ಒಬ್ಬೊಬ್ಬ ಆಟಗಾರನ ಎಡಗಾಲಿನ ಹೊಡೆತವೂ ಗೊತ್ತು, ಅವನು ಎಷ್ಟು ರೊಟ್ಟಿ ತಿನ್ನುತ್ತಾನೆ ಎಂಬುದೂ ಗೊತ್ತು. ಯಾರನ್ನು ತಂದರೆ ಸರಿ, ಯಾರನ್ನು ತಂದದ್ದು ತಪ್ಪು ಎಂದು ಹೇಳಲು ತಮಗೆ ಹಕ್ಕಿದೆ ಎಂದು ಅವರು ತಿಳಿದಿದ್ದರೆ ಅದು ಅನ್ಯಾಯವೇನಲ್ಲ.

ವಾದದ ಹಿಂದಿನ ದಿನ ಉಳ್ಳಾಗಡ್ಡಿ ಸರ್ ನಮ್ಮ ಕಚೇರಿಗೆ ಬಂದಿದ್ದರು. ಎತ್ತರದ ಮನುಷ್ಯ, ಮೈ ಸ್ವಲ್ಪ ಬಾಗಿತ್ತು. ಸುದ್ದಿಯ ಬಗ್ಗೆ ಏನೂ ಕೇಳಲಿಲ್ಲ. ಪ್ರಿಂಟಿಂಗ್ ಯಂತ್ರವನ್ನು ನೋಡುತ್ತ ನಿಂತು, "ಪೇಪರ್ ಸಾಹೇಬ್ರ, ನನಗ ಮತ್ತೇನೂ ಬರಂಗಿಲ್ರಿ" ಎಂದರು. "ಎಲ್ಲಾರೂ ಚೆಂಡು ಯಾರು ದೂರ ಒದೀತಾರ ಅಂತ ನೋಡ್ತಾರ. ನಾ ಹಂಗ ನೋಡಂಗಿಲ್ಲ. ಹುಡುಗ್ರು ಸಿಕ್ಕಿಬಿದ್ದಾಗ, ಮೂರು ಮಂದಿ ಸುತ್ತಗಟ್ಟಿದಾಗ, ಚೆಂಡು ಯಾರ ಕಡೆ ಸರಸ್ತಾರ? ಅಂವ ನನ್ನ ಹುಡುಗ. ಅದೊಂದು ನೋಡಾಕ ಬರ್ತೈತಿ."

"ಈ ಐದು ವರ್ಷ ನೋಡಿಲ್ಲವೇ?" ಎಂದು ಕೇಳಿದೆ.

"ಇಲ್ರಿ. ಆರಸೂ ಅಧಿಕಾರ ಇಲ್ದ ಮೈದಾನದ ಬಾಜೂಕ ನಿಂತ್ರ, ಉಣ್ಣಾಕ ಕರೀದ ಮನಿ ಮುಂದ ನಿಂತಂಗ ಆಗತೈತಿ." ಯಂತ್ರದಿಂದ ಕಣ್ಣು ತೆಗೆದು, "ನಾಳೆ ಬ್ಯಾಡ ಅಂದ್ರ ನಾ ಮನ್ಯಾಗ ಏನ ಮಾಡ್ಲಿ, ಅದ ತಿಳೀವಲ್ದು" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಮರುದಿನ ಸಂಜೆ ನಾಲ್ಕಕ್ಕೆ ಕಾಲೇಜಿನ ಮೈದಾನ ತುಂಬಿತು. ವಾದದ ಪದ್ಧತಿ ಹೀಗೆ: ಎರಡೂ ಕಡೆಗೆ ಒಬ್ಬೊಬ್ಬ ಮುಂದಾಳು. ಚಹಾಕ್ಕೆ ಮುಂಚೆ ಒಂದು ಮಗ್ಗಲು, ಚಹಾ ಆದ ಮೇಲೆ ಇನ್ನೊಂದು. ಎರಡೂ ಮುಗಿದ ಬಳಿಕ ಯಾರೂ ಬಾಯಿ ತೆರೆಯುವಂತಿಲ್ಲ; ಬೇಕು ಎನ್ನುವವರು ನೀರಿನ ಟಾಕಿ ಕಡೆಯ ಗೋಲಿಗೆ ನಡೆಯಬೇಕು, ಬೇಡ ಎನ್ನುವವರು ರಸ್ತೆ ಕಡೆಯ ಗೋಲಿಗೆ. ಯಾರ ವಿಷಯವೋ ಅವರು ಮೈದಾನದಲ್ಲಿ ಇರಬಹುದು, ಮಾತಾಡಬಾರದು. ಉಳ್ಳಾಗಡ್ಡಿ ಸರ್ ಮೂಲೆಯ ಬಾವುಟದ ಪಕ್ಕ ಕಬ್ಬಿಣದ ಮಡಚು ಕುರ್ಚಿ ಹಾಕಿಕೊಂಡು ಕುಳಿತಿದ್ದರು.

ಸರ್ ಕಡೆಯ ಮುಂದಾಳು ವಾಮನ ಮುಧೋಳಕರ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ಊರಿಗೇ ಹೆಸರಾದ ವಾದಿ. ಸರ್ ಅವರ ಮನೆಗೂ ಮಾಸ್ತರ ಮನೆಗೂ ನಡುವೆ ಇರುವುದು ಒಂದೇ ಕಟ್ಟೆ. ಮೂವತ್ತು ವರ್ಷದಿಂದ ಇಬ್ಬರೂ ಸಂಜೆ ಆ ಕಟ್ಟೆಯ ಮೇಲೆ ಕೂರುತ್ತಾರೆ. ಎದುರಿನ ಮುಂದಾಳು ಕಸ್ತೂರಿ ಹಂಚಿನಾಳ. ಕಬ್ಬಿಣದ ಸಾಮಾನಿನ ಅಂಗಡಿ ನಡೆಸುವ ಹೆಂಗಸು, ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಹದಿನಾಲ್ಕು ವರ್ಷ ಗುರುವಾರದ ಊಟ ಅವರ ಮನೆಯದೇ. ಅವರ ಮಗ ಅವಿನಾಶನನ್ನು ಸರ್ ತಂಡಕ್ಕೆ ತೆಗೆದುಕೊಂಡಿರಲಿಲ್ಲ ಎಂಬುದೂ, ಆ ಸಿಟ್ಟು ಅವರಿಗೆ ಇನ್ನೂ ಆರಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಯಾವ ಮಗ್ಗಲು ಮೊದಲು ಎಂಬುದನ್ನು ಹಳೆಯ ಬೂಟು ಎಸೆದು ತೀರ್ಮಾನಿಸುತ್ತಾರೆ. ಬೂಟು ಮಾಸ್ತರ ಪರವಾಗಿ ಬಿತ್ತು. ಅವರು ಹಿಂದೆಮುಂದೆ ನೋಡದೆ, "ನಾ ಮೊದಲ ಬ್ಯಾಡ ಅಂತೀನಿ" ಎಂದರು.

ಜನ ನಕ್ಕರು. ತಂತ್ರ ಎಲ್ಲರಿಗೂ ತಿಳಿಯಿತು. ಚಹಾ ಆದ ಮೇಲಿನ ಮಾತೇ ಕಿವಿಯಲ್ಲಿ ಉಳಿಯುವುದು. ಮೊದಲ ಅರ್ಧ ಗೆಳೆಯನನ್ನು ಬೈದು ಮುಗಿಸಿ, ಎರಡನೇ ಅರ್ಧದಲ್ಲಿ ಹೊತ್ತು ಮೆರೆಸುವುದು ಅವರ ಲೆಕ್ಕಾಚಾರ. "ಮಾಸ್ತರ ಕಡೀಕ ಗೋಲ್ ಹೊಡ್ಯಾವ್ರು!" ಎಂದು ಯಾರೋ ಕೂಗಿದರು. ನಾನು ಸೀಟಿ ಊದಿದೆ.

ಕಸ್ತೂರಿಬಾಯಿ ಮೊದಲು ಎದ್ದರು. ತಮಗೆ ಆಗದ ಮನುಷ್ಯನನ್ನು ಹೊಗಳಬೇಕಾದ ಸರದಿ, ಆದರೆ ಒಂದು ಒದೆಯೂ ಸಡಿಲವಾಗಲಿಲ್ಲ. "ಈ ಸರ್ ತಂದ ಹುಡುಗ್ರಾಗ ರೈಲ್ವೆ ತಂಡದ ಕ್ಯಾಪ್ಟನ್ ಅದಾನ. ಗೌಂಡಿ ಮಗ. ಅವನ ಊರಾಗ ಅಂವ ಚೆಂಡು ಒದೀತಾನ ಅಂತ ಅವನ ಅಪ್ಪಗ ಗೊತ್ತಿದ್ದಿಲ್ಲ. ಸರ್‌ಗೆ ಹ್ಯಾಂಗ ಗೊತ್ತಾತು? ಎರಡ ದಿನ ಆ ಊರಾಗ ಉಳಿದು ನೋಡಿದ್ರು. ಈಗಿನವರು ಏನ ಮಾಡ್ತಾರ? ಫೋನಿನ್ಯಾಗ ವಿಡಿಯೋ ತರಸ್ಕೊಂಡು ನೋಡ್ತಾರ. ವಿಡಿಯೋದಾಗ ಎಲ್ಲಾರೂ ಗೋಲ್ ಹೊಡ್ಯಾವ್ರ ಇರ್ತಾರಪಾ, ತಪ್ಪಿಸಿದ್ದು ಯಾರ ಕಳಸ್ತಾರ?"

ಚಪ್ಪಾಳೆ ಬಿತ್ತು. ಮಾಸ್ತರು ಎದ್ದು ತಮ್ಮ ಸರದಿಯಲ್ಲಿ ಸರ್ ತಂದ ಹುಡುಗರಲ್ಲಿ ಮನೆ ನೆನಪಾಗಿ ಓಡಿಹೋದವರನ್ನು ಹೇಳಿದರು. ಕಸ್ತೂರಿಬಾಯಿ, "ಓಡಿ ಹೋದಾಂವ ತಿರುಗಿ ಬಂದು ಎರಡ ವರ್ಷ ಆಡಿದ್ದ, ಅದನ್ಯಾಕ ನುಂಗಿದ್ರಿ?" ಎಂದರು. ಪರೀಕ್ಷೆಯಲ್ಲಿ ನಪಾಸಾದವರನ್ನು ಮಾಸ್ತರು ಹೇಳಿದರು. "ಕಲಸಿದಾವ್ರು ನೀವ ಅಲ್ರಿ?" ಎಂದಿತು ಒಂದು ಧ್ವನಿ ಹಿಂದಿನಿಂದ. ಮೈದಾನವೆಲ್ಲ ನಗೆ. ಮಾಸ್ತರೂ ನಕ್ಕುಬಿಟ್ಟರು. ಅಲ್ಲಿಯೇ ಎಡವಟ್ಟಾಯಿತು. ಅವರು ಆರಾಮವಾಗಿದ್ದಾರೆ, ಸೋಲುವುದು ಅವರಿಗೆ ಹಿತವಾಗಿದೆ ಎಂಬುದು ಜನರಿಗೆ ಕಂಡಿತು.

"ಸಡಿಲ ಒದೀತಾರ!" ಎಂದು ರಸ್ತೆ ಕಡೆಯಿಂದ ಕೂಗು ಎದ್ದಿತು. ಇನ್ನಷ್ಟು ಜನ ದನಿಗೂಡಿಸಿದರು. ನನಗೆ ಬೇರೆ ದಾರಿ ಇರಲಿಲ್ಲ. ಸೀಟಿ ಊದಿ, "ಮಾಸ್ತರೇ, ಇದು ಎಚ್ಚರಿಕೆ" ಎಂದೆ.

ಅವರ ಮುಖ ಕೆಂಪಾಯಿತು. ನಲವತ್ತು ವರ್ಷದ ವಾದಗಳಲ್ಲಿ ಅವರಿಗೆ ಯಾರೂ ಆ ಮಾತು ಹೇಳಿರಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಮಾತಾಡಿದಾಗ ದನಿ ಬೇರೆಯಾಗಿತ್ತು.

"ಪರಸಪ್ಪ ನೆನಪದಾನೇನು?" ಎಂದರು.

ನೆನಪಿಲ್ಲದವರು ಯಾರೂ ಇರಲಿಲ್ಲ. ಸುಣ್ಣದಗುಡ್ಡ ಎಂಬ ಹಳ್ಳಿಯ ಹುಡುಗ, ಅಪ್ಪ ಅವ್ವ ಸುಣ್ಣದ ಭಟ್ಟಿಯಲ್ಲಿ ಕೂಲಿ. ಸರ್ ತಂದವರಲ್ಲೇ ಚೆಂದದ ಆಟಗಾರ ಅವನು ಎಂಬುದರ ಬಗ್ಗೆ ಈ ಊರಿನಲ್ಲಿ ವಾದವೇ ಇಲ್ಲ. ಮಗ್ಗಲು ಬದಲಿಸಲೂ ಯಾರೂ ಸಿಗುವುದಿಲ್ಲ. ನಾಲ್ಕನೇ ಕಪ್ಪು ಅವನಿಂದಲೇ ಬಂತು. ಆ ಫೈನಲ್‌ನಲ್ಲಿಯೇ ಅವನ ಬಲ ಮೊಣಕಾಲು ಹೋಯಿತು. ಎರಡು ಶಸ್ತ್ರಚಿಕಿತ್ಸೆ ಆದವು, ಕಾಲು ನೆಟ್ಟಗಾಗಲಿಲ್ಲ. ಹುಡುಗ ಊರಿಗೆ ಹೋದ, ಮತ್ತೆ ಬರಲಿಲ್ಲ. ದುರ್ದೈವ ಎಂದು ಎಲ್ಲರೂ ಅಂದುಕೊಂಡಿದ್ದೆವು. ನಮ್ಮ ಪತ್ರಿಕೆಯಲ್ಲಿ ಆ ಶಬ್ದವನ್ನೇ ಹಾಕಿದ್ದೆವು.

"ದುರ್ದೈವ ಅಲ್ಲ" ಎಂದರು ಮಾಸ್ತರು. "ತರೂ ಮುಂಚೆನ ಆ ಕಾಲು ಸರಿ ಇದ್ದಿಲ್ಲ. ಭಟ್ಟಿಯೊಳಗ ಕಲ್ಲು ಹೊತ್ತು ಕೆಟ್ಟಿತ್ತು. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ತಂದ್ರು. ಕಪ್ಪು ಬೇಕಾಗಿತ್ತು, ತಂದ್ರು. ಮುರದ ಮ್ಯಾಲೆ ಆ ಊರ ಕಡೆ ಇವತ್ತಿನ ತನಕಾ ಹೊಳ್ಳಿ ನೋಡಿಲ್ಲ. ಇಂಥವರ ಕೈಗೆ ಮತ್ತ ಮಂದಿ ಮಕ್ಕಳನ್ನ ಕೊಡ್ರಿ ಅಂತೀರೇನು?"

"ನಿಮಗ ಹ್ಯಾಂಗ ಗೊತ್ತು?" ಎಂದರು ಕಸ್ತೂರಿಬಾಯಿ. ಈ ಪ್ರಶ್ನೆ ವಾದದ್ದಾಗಿರಲಿಲ್ಲ.

"ಅವರ ಹೇಳಿದ್ರು. ನಮ್ಮ ಕಟ್ಟಿ ಮ್ಯಾಲೆ ಕುಂತು."

ಮಾಸ್ತರಿಗೆ ತಾವು ಏನು ಹೇಳಿದೆವೆಂದು ಆಗ ಗೊತ್ತಾಯಿತೆಂದು ಕಾಣುತ್ತದೆ. ಕೈ ಇನ್ನೂ ಗಾಳಿಯಲ್ಲೇ ಇತ್ತು. ಮೂಲೆಯ ಬಾವುಟದ ಕಡೆ ಅವರು ನೋಡಲಿಲ್ಲ. ಉಳಿದವರೆಲ್ಲ ನೋಡಿದರು. ಸರ್ ಕುಳಿತಂತೆಯೇ ಕುಳಿತಿದ್ದರು. ಹೊತ್ತಾಗಿತ್ತು, ನಾನು ಚಹಾಕ್ಕೆ ಸೀಟಿ ಊದಿದೆ.

ಸಾಮಾನ್ಯವಾಗಿ ಈ ಬಿಡುವಿನಲ್ಲಿ ಗದ್ದಲವೋ ಗದ್ದಲ. ಅವತ್ತು ಜನ ಲೋಟ ಹಿಡಿದು ನೆಲ ನೋಡುತ್ತ ಕುಡಿದರು. ಮಾಸ್ತರು ಎರಡು ಲೋಟ ತೆಗೆದುಕೊಂಡು ಮೈದಾನದ ಅಂಚಿನಗುಂಟ ನಡೆದು ಮೂಲೆಗೆ ಹೋದರು. ಒಂದನ್ನು ಸರ್ ಕೈಗೆ ಕೊಟ್ಟರು. ನಾನು ಹತ್ತಿರದಲ್ಲೇ ಇದ್ದೆ.

"ಸಕ್ಕರಿ ಹಾಕಿಲ್ಲ ಹೌದಿಲ್ಲೋ?" ಎಂದರು ಸರ್.

"ಹಾಕಿಲ್ಲ."

ಅಷ್ಟೇ. ಇಬ್ಬರೂ ಕುಡಿದು ಮುಗಿಸಿದರು. ಖಾಲಿ ಲೋಟಗಳನ್ನು ಮಾಸ್ತರೇ ವಾಪಸು ತಂದರು.

ಮಗ್ಗಲು ಬದಲಾಯಿತು. ಈಗ ಮಾಸ್ತರು ಗೆಳೆಯನ ಪರವಾಗಿ ನಿಲ್ಲಬೇಕು. ಇದಕ್ಕಾಗಿಯೇ ಅವರು ತಂತ್ರ ಹೂಡಿದ್ದು. ಬರೆದುಕೊಂಡು ಬಂದದ್ದೇನೋ ಜೇಬಿನಲ್ಲಿತ್ತು, ಅದನ್ನು ಮುಟ್ಟಲಿಲ್ಲ. ಎದ್ದು ನಿಂತರು. ತಾವೇ ಒದ್ದ ಚೆಂಡನ್ನು ತಾವೇ ತಡೆಯಬೇಕಾಗಿತ್ತು.

"ನಾ ಆಗ ಹೇಳಿದ್ದು ಖರೆ" ಎಂದರು. "ಅದಕ್ಕ ನನ್ನ ಹಂತೇಕ ಉತ್ತರ ಇಲ್ಲ. ಇದ್ರ ಮೂವತ್ತು ವರ್ಷದ ಗೆಳ್ಯಾಗ ಕೊಡದ ಇರ್ತಿದ್ದಿಲ್ಲ. ಒಂದ ಮಾತು ಹೇಳ್ತೀನಿ, ಅದು ಅವರ ಪರ ಆಗತೈತೋ ಅಲ್ಲೋ, ಸೀಟಿ ಹಿಡಿದಾವ್ರು ನೋಡ್ಕೋಬೇಕು. ನಾವು ಬದನೀಕಾಯಿಗೂ ಮಗ್ಗಲು ಬದಲಸ್ತೀವಿ. ಮಗಳಿಗೆ ಸೀರಿ ತರೂವಾಗ ಬದಲಸ್ತೀವಿ. ಈ ಮನಶ್ಯಾ ಒಂದು ಹುಡುಗನ್ನ ಅವರವ್ವನ ಮಗ್ಗಲಿಂದ ಎಬ್ಬಿಸಿಕೊಂಡು ಬರೂವಾಗ ಒಬ್ಬರ ಹೋಗ್ತಿದ್ರು, ಒಬ್ಬರ ನೋಡ್ತಿದ್ರು, ಒಬ್ಬರ ಹೂಂ ಅಂತಿದ್ರು. ಎದುರು ನಿಂತು ಬ್ಯಾಡ ಅನ್ನಾಕ ಅಲ್ಲೆ ಯಾರಿದ್ರು? ಹದಿನಾಕು ವರ್ಷದಾಗ ಒಂದ ಸಲನಾದ್ರೂ, ಬರ್ರಿ ನಾನೂ ಬರ್ತೀನಿ ಅಂತ ನಮ್ಮಾಗ ಯಾರಾದ್ರೂ ಬಸ್ ಹತ್ತಿದ್ವೇನು? ನಾನೂ ಹತ್ತಲಿಲ್ಲ. ತಂದ ಮ್ಯಾಲೆ ರೊಟ್ಟಿ ಬಡದ್ವಿ, ಚಪ್ಪಾಳಿ ತಟ್ಟಿದ್ವಿ."

ಕುಳಿತುಬಿಟ್ಟರು. ಇದು ಪರವೋ ವಿರೋಧವೋ ಎಂದು ನನಗೂ ಹೇಳಲಾಗಲಿಲ್ಲ. ಸೀಟಿ ಬಾಯಿಯ ತನಕ ಹೋಗಿ ಕೆಳಗೆ ಬಂತು.

ಕಸ್ತೂರಿಬಾಯಿ ಎದ್ದರು. ಈಗ ಅವರದು ತಮ್ಮ ಮನಸ್ಸಿನದೇ ಮಗ್ಗಲು. ಎದುರಾಳಿ ಕೈಯಾರೆ ತಂದುಕೊಟ್ಟ ಕತ್ತಿ ಮುಂದೆ ಬಿದ್ದಿತ್ತು. ಬೀಸಿದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು.

"ನನ್ನ ಅವಿನಾಶನ್ನ ಇವ್ರು ಬ್ಯಾಡ ಅಂದ್ರು" ಎಂದರು. "ಆ ಸಿಟ್ಟು ನನಗೈತಿ, ಸುಳ್ಳ್ಯಾಕ ಹೇಳ್ಲಿ. ಸಿಟ್ಟು ಇಟ್ಕೊಂಡ ಅನ್ನ ಹಾಕೇನಿ. ಪರಸ್ಯಾ ಗುರುವಾರ ನಮ್ಮನಿಗೆ ಉಣ್ಣಾಕ ಬರ್ತಿದ್ನಲ್ಲ, ನಮ್ಮದು ಮಾಳಿಗಿ ಮನಿ. ಮೆಟ್ಟಲಾ ಹತ್ತೂವಾಗ ಒಂದೊಂದ ಕಾಲು ಇಟ್ಟು, ಕೂಡಿಸಿ, ಮತ್ತೊಂದು ಇಡ್ತಿದ್ದ, ಮುದುಕ್ರು ಹತ್ತಿದಂಗ. ನಾ ನೋಡಿದ್ನಿ. ಎಣ್ಣಿ ಕಾಸಿ ಕೊಟ್ನಿ. ಯಾರಿಗೂ ಹೇಳಬ್ಯಾಡ್ರಿ ಕಾಕೂ ಅಂದ. ನಾ ಹೇಳ್ಲಿಲ್ಲ. ಯಾಕ ಹೇಳ್ಲಿಲ್ಲ? ಫೈನಲ್ ಮುಂದ ಐತಿ, ಅದೊಂದು ಮುಗೀಲಿ ಅಂದ್ನಿ." ಸೆರಗಿನಿಂದ ಕತ್ತು ಒರೆಸಿಕೊಂಡರು. "ಹಿಂಗಾಗಿ ನಾ ಬ್ಯಾಡ ಅಂತೀನಿ. ಆರಸೂ ಕೆಲಸ ಅವ್ರಿಗೆ ಬ್ಯಾಡ. ಅವ್ರು ಸರಿ ಇಲ್ಲ ಅಂತ ಅಲ್ಲ. ಕಪ್ಪು ಕಂಡ್ರ ಈ ಊರಿಗೇ ಕಣ್ಣು ಕಾಣಂಗಿಲ್ಲ, ಅದಕ್ಕ."

ಸೀಟಿ ಊದಿದೆ. ಮಾತು ಮುಗಿಯಿತು.

ಜನ ಎದ್ದರು. ಇಂಥ ಹೊತ್ತಿನಲ್ಲಿ ಚಪ್ಪಲಿಗಳ ಸದ್ದೊಂದೇ ಕೇಳುತ್ತದೆ. ಕೆಲವರು ಹೋಗುತ್ತ ಹೋಗುತ್ತ ನಿಂತು, ತಿರುಗಿ, ಮತ್ತೆ ಹೊರಟರು. ಎಲ್ಲರೂ ಕಾದಿದ್ದು ಇಬ್ಬರಿಗಾಗಿ. ಕಸ್ತೂರಿಬಾಯಿ ಟಾಕಿ ಕಡೆ ಹೆಜ್ಜೆ ಹಾಕಿದರು, ಬೇಕು ಎನ್ನುವ ಕಡೆಗೆ. ಮುಧೋಳಕರ ಮಾಸ್ತರು ರಸ್ತೆ ಕಡೆ ನಡೆದರು. ಮೈದಾನದ ನಡುವಿನ ಸುಣ್ಣದ ಗೆರೆಯ ಬಳಿ ಇಬ್ಬರೂ ಎದುರಾದರು, ಒಬ್ಬರಿಗೊಬ್ಬರು ದಾರಿ ಬಿಟ್ಟು ಮುಂದೆ ಹೋದರು. ಆಮೇಲೆ ನಾನು ಕೇಳಿದಾಗ ಕಸ್ತೂರಿಬಾಯಿ, "ಬ್ಯಾರೆ ಯಾರ ಬಂದ್ರೂ ಹೊಸಾ ತಪ್ಪು ಮಾಡ್ತಾರ್ರಿ. ಇವ್ರಿಗೆ ತಮ್ಮ ತಪ್ಪು ಯಾವದಂತ ಗೊತ್ತಾತಲ್ಲ ಇವತ್ತ" ಎಂದರು. ಮಾಸ್ತರನ್ನು ನಾನು ಕೇಳಲಿಲ್ಲ. ತಾವು ಉತ್ತರಿಸಲಾಗದ ಮಾತಿನ ಕಡೆಗೆ ಅವರು ನಡೆದಿದ್ದರು, ಅದರಲ್ಲಿ ಕೇಳುವಂಥದ್ದೇನೂ ಇರಲಿಲ್ಲ.

ಕೊನೆಗೆ ಉಳಿದವರು ಉಳ್ಳಾಗಡ್ಡಿ ಸರ್. ಅವರೂ ಈ ಊರಿನವರೇ, ಅವರಿಗೂ ಕಾಲಿವೆ. ನಮ್ಮಲ್ಲಿ ಬಹಳ ಜನ ಅವರು ಕುಳಿತಲ್ಲೇ ಇರುತ್ತಾರೆ, ಇಲ್ಲವೇ ದೊಡ್ಡ ಮನಸ್ಸು ಮಾಡಿ ರಸ್ತೆ ಕಡೆ ಹೋಗಿ ನಿಲ್ಲುತ್ತಾರೆ ಎಂದುಕೊಂಡಿದ್ದೆವು. ಅವರು ಕುರ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮೈದಾನದ ಉದ್ದಕ್ಕೂ ನಡೆದು ಟಾಕಿ ಕಡೆಯ ಗೋಲಿಗೆ ಹೋಗಿ ನಿಂತರು. ತಮ್ಮ ಪರವಾಗಿ ತಾವೇ. ಯಾರೋ ಕಿಸಕ್ಕೆಂದರು. "ನಗ್ರಿ" ಎಂದರು ಸರ್. "ಈ ಕೆಲಸ ನನಗ ಬೇಕಾಗೇತಿ. ಬ್ಯಾಡ ಅಂತ ಸುಳ್ಳು ನಿಂದರಲೇನು?"

ಟಾಕಿ ಕಡೆ ಜನ ಹೆಚ್ಚಿದ್ದರು. ತಲೆ ಎಣಿಸಬೇಕಾಗಿ ಬರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಆದರೆ ರಸ್ತೆ ಕಡೆ ಇದ್ದವರೂ ಸಣ್ಣ ಗುಂಪೇನಲ್ಲ, ಗೆದ್ದೆವೆಂದು ಯಾರೂ ಕೂಗಲಿಲ್ಲ.

ನನ್ನ ಕೆಲಸ ಬಾಕಿ ಇತ್ತು. ಸರ್ ಹತ್ತಿರ ಹೋಗಿ, ಮಾಸ್ತರು ಹೇಳಿದ್ದನ್ನು ಪತ್ರಿಕೆಯಲ್ಲಿ ಹಾಕಬೇಕಾಗುತ್ತದೆ, ನೀವೇನು ಹೇಳುತ್ತೀರಿ ಎಂದು ಕೇಳಿದೆ.

"ಹಾಕ್ರಿ. ಗೊತ್ತಿತ್ತಂತ ಅಂತ ಹಾಕಬ್ಯಾಡ್ರಿ, ಗೊತ್ತಿತ್ತು ಅಂತ ಹಾಕ್ರಿ" ಎಂದರು. ಕಣ್ಣು ಮಾತ್ರ ಆಚೆಯ ಗೋಲಿನ ಮೇಲಿತ್ತು. ಮಾಸ್ತರು ಅಲ್ಲಿ ಕಂಬಕ್ಕೆ ಒರಗಿ ಒಬ್ಬರೇ ನಿಂತಿದ್ದರು. ಅವರ ಜೊತೆ ಬಂದವರು ಆಗಲೇ ಚದುರಿದ್ದರು. ಸರ್ ಕುರ್ಚಿ ನನ್ನ ಕೈಗೆ ಕೊಟ್ಟು ಮತ್ತೆ ಮೈದಾನ ದಾಟಿದರು. ಕುರ್ಚಿ ಹಿಡಿದುಕೊಂಡು ನಾನೂ ಹಿಂದೆ ಹೋದೆ. ಏನಾದರೂ ಆದೀತೆಂಬ ಭಯ ನನಗಿತ್ತು.

"ವಾಮನಾ" ಎಂದರು ಸರ್. "ಐತವಾರ ಮುಂಜಾನೆ ಬಸ್ ಐತಿ."

"ಎಲ್ಲಿಗೆ?"

"ಸುಣ್ಣದಗುಡ್ಡಕ್ಕ. ನೀನೂ ಬಾ. ಇಷ್ಟೊತ್ತು ಭಾಷಣ ಹೊಡದಿ, ಬಸ್ ಹತ್ತಲಿಲ್ಲ ಅಂತ. ಹತ್ತು ಈಗ." ಆಮೇಲೆ ನನ್ನ ಕಡೆ ತಿರುಗಿದರು. "ಪೇಪರ್ ಸಾಹೇಬ್ರ, ನೀವೂ ಬರ್ರಿ. ಸೀಟಿ ತರ್ರಿ."

ಭಾನುವಾರ ಮೂವರೂ ಬಸ್ ಇಳಿದ ಸುಣ್ಣದಗುಡ್ಡದಲ್ಲಿ ಮರಗಳ ಎಲೆಗಳೂ ಸುಣ್ಣದ ಧೂಳಿಗೆ ಬೆಳ್ಳಗಿದ್ದವು. ಭಟ್ಟಿಗಳ ಹಿಂದಿನ ಬಯಲಿನಲ್ಲಿ ಹುಡುಗರು ಆಡುತ್ತಿದ್ದರು, ಕಲ್ಲುಗಳೇ ಗೋಲಿನ ಕಂಬ. ಬಯಲಿನ ಅಂಚಿನ ಒಂದು ಉದ್ದನೆಯ ಕಲ್ಲಿನ ಮೇಲೆ ಪರಸಪ್ಪ ಕುಳಿತಿದ್ದ. ಮೈ ತುಂಬಿಕೊಂಡಿದ್ದ, ಮೀಸೆ ಬಂದಿತ್ತು. ಬಲಗಾಲು ಮುಂದಕ್ಕೆ ಚಾಚಿಕೊಂಡೇ ಇತ್ತು. ಭಾನುವಾರ ಹುಡುಗರನ್ನು ಆಡಿಸುವುದು ಅವನೇ ಎಂದು ಆಮೇಲೆ ತಿಳಿಯಿತು. ನಮ್ಮನ್ನು ಕಂಡು ಏಳಲು ಹೋದ. ಸರ್ ಕೈ ಅಡ್ಡ ಹಿಡಿದು ಬೇಡ ಎಂದರು. "ಆರಾಮ ಅದೀಯೇನಪಾ?" ಎಂದರು. "ಅದೀನ್ರಿ" ಎಂದ. ಸರ್ ಅವನ ಪಕ್ಕ ಕೂರಲಿಲ್ಲ, ಒಂದು ಮಾರು ದೂರದಲ್ಲಿ ನಿಂತು ಆಟ ನೋಡತೊಡಗಿದರು.

ಸ್ವಲ್ಪ ಹೊತ್ತಿಗೆ ಅವರ ಬೆನ್ನು ನೆಟ್ಟಗಾಯಿತು. ನಾನೂ ಅವರ ಕಣ್ಣಿನ ಜಾಡು ಹಿಡಿದು ನೋಡಿದೆ. ಹಳದಿ ಬನಿಯನ್ನಿನ ಒಬ್ಬ ಹುಡುಗ. ದೂರ ಒದೆಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಆದರೆ ಯಾರು ಸಿಕ್ಕಿಬಿದ್ದರೂ ಚೆಂಡು ಅವನ ಕಡೆಗೇ ಬರುತ್ತಿತ್ತು.

"ಅಂವಾ" ಎಂದರು ಸರ್. ಯಾಕೆ ಅವನೇ ಎಂದು ವಿವರಿಸಿದರು. ಮಾಸ್ತರು ಬೇಡ ಎಂದು ನಿಂತರು: ವಯಸ್ಸು ಚಿಕ್ಕದು, ಶಾಲೆ ಮುಗಿದಿಲ್ಲ, ತೂಕವಿಲ್ಲ. ವಾದ ಬೆಳೆಯಿತು. ಪರಸಪ್ಪ ಯಾರನ್ನೋ ಕಳಿಸಿ ಚಹಾ ತರಿಸಿದ. ನಾನು ಸೀಟಿ ಊದಿದೆ. ಆಡುತ್ತಿದ್ದ ಹುಡುಗರು ತಮಗೇ ಎಂದು ತಿಳಿದು ನಿಂತುಬಿಟ್ಟರು.

ಚಹಾ ಆಯಿತು. ಈಗ ಬೇಡ ಎನ್ನುವ ಸರದಿ ಸರ್ ಅವರದು. ತಾವು ಆರಿಸಿದ ಹುಡುಗನ ವಿರುದ್ಧ ಅವರು ಜೀವನದಲ್ಲಿ ಮಾತಾಡಿರಲಿಲ್ಲ. ಹಳದಿ ಬನಿಯನ್ನಿನವನನ್ನು ಹತ್ತಿರ ಕರೆದರು. ಮೊಣಕಾಲೂರಿ ಕುಳಿತು, ಅವನ ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಚಿಪ್ಪಿನ ಕೆಳಗೆ ಒತ್ತಿದರು. ಬಲಗಾಲಿಗೂ ಹಾಗೆಯೇ ಮಾಡಿದರು. ಬಲಗಾಲಿನಲ್ಲಿ ಹೆಬ್ಬೆರಳು ಒಂದು ಕಡೆ ನಿಂತಿತು.

"ನೋಯತೈತೇನು?"

"ಇಲ್ರಿ" ಎಂದ ಹುಡುಗ. "ಏನೂ ನೋಯಂಗಿಲ್ರಿ."

ಸರ್ ಕೈ ತೆಗೆಯಲಿಲ್ಲ. ಹುಡುಗನ ಮುಖ ನೋಡುತ್ತಲೇ ಇದ್ದರು. ಎಷ್ಟು ಬೇಗ ಉತ್ತರ ಬಂತೆಂಬುದನ್ನು ನಾವೆಲ್ಲ ಗಮನಿಸಿದ್ದೆವು.

ಕಲ್ಲಿನ ಮೇಲಿಂದ ಪರಸಪ್ಪ ಹೇಳಿದ: "ನಾನೂ ಹಿಂಗ ಅಂದಿದ್ನಿರಿ, ಸರ್."

ಅದರಲ್ಲಿ ಸಿಟ್ಟಿರಲಿಲ್ಲ. ಇರಲಿಲ್ಲ ಎಂಬುದೇ ಕೇಳಲು ಕಷ್ಟವಾಯಿತು. ಮಾಸ್ತರಿಗೆ ಈಗ ಹುಡುಗನ ಪರವಾಗಿ ವಾದಿಸುವ ಸರದಿ. ಅವರು ಪರಸಪ್ಪನ ಚಾಚಿದ ಕಾಲನ್ನೇ ನೋಡುತ್ತಿದ್ದರು. ಸರ್ ನಿಧಾನಕ್ಕೆ ಹೆಬ್ಬೆರಳು ತೆಗೆದು, ಹುಡುಗನ ಕಾಲಿಗೆ ಹತ್ತಿದ್ದ ಬಿಳಿ ಧೂಳು ಒರೆಸಿದರು.

"ತಮ್ಮಾ, ಮೊದಲ ದವಾಖಾನಿ" ಎಂದರು. "ನಿಮ್ಮ ಅವ್ವನ್ನೂ ಕರಕೊಂಡು ಹೋಗೂಣು. ಆಡಬಹುದು ಅಂದ್ರ, ನಾನ ಬಂದು ನಿನ್ನ ಕರಕೊಂಡು ಹೋಗ್ತೀನಿ. ಆಡಬಾರದು ಅಂದ್ರೂ ನಾನ ಬಂದು ಹೇಳ್ತೀನಿ. ಹೇಳಿ ಆತು ಅಂತ ಸುಮ್ನ ಕೂಡಂಗಿಲ್ಲ, ಆಮ್ಯಾಲೂ ಬರ್ತೀನಿ."

ಹುಡುಗನಿಗೆ ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ತಲೆಯಾಡಿಸಿ ಆಟಕ್ಕೆ ಓಡಿದ. ಸರ್ ಏಳಲು ಹೋದರು, ವಯಸ್ಸಿನ ಕಾಲು ಹಿಡಿದುಕೊಂಡಿತು. ಮಾಸ್ತರು ಕೈ ಕೊಟ್ಟು ಎಬ್ಬಿಸಿದರು. ಪರಸಪ್ಪ ಚಾಚಿದ್ದ ಕಾಲನ್ನು ಎರಡು ಕೈಯಿಂದ ಎತ್ತಿ ಪಕ್ಕಕ್ಕಿಟ್ಟುಕೊಂಡು, ಕಲ್ಲಿನ ಮೇಲೆ ಸ್ವಲ್ಪ ಸರಿದ. ಸರ್ ಹೋಗಿ ಅಲ್ಲಿ ಕುಳಿತರು.